ಜೇಬಿನಲ್ಲಿ ಈರುಳ್ಳಿ, ಟೆಂಟ್ ಸುತ್ತ ಬೆಳ್ಳುಳ್ಳಿ: ಮರುಭೂಮಿಗೆ ಬೈಕ್ ಹತ್ತುವ ಮುನ್ನ ಬಂದ ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಹನುಮಸಾಗರದ ಓದುಗರೊಬ್ಬರು ನಮಗೊಂದು ವಾಟ್ಸ್‌ಆ್ಯಪ್ ಮೆಸೇಜ್ ಕಳಿಸಿದ್ದಾರೆ. ಅವರೂ ಮೂವರು ಗೆಳೆಯರೂ ಸೇರಿ ಬರುವ ಚಳಿಗಾಲದಲ್ಲಿ ಬೈಕ್ ಮೇಲೆ ಜೈಸಲ್ಮೇರ್‌ಗೆ ಹೋಗಿ, ಥಾರ್ ಮರುಭೂಮಿಯ ಮರಳಿನಲ್ಲಿ ಗಾಡಿ ಓಡಿಸಿ, ಎರಡು ರಾತ್ರಿ ಟೆಂಟ್ ಹಾಕುವ ಯೋಚನೆಯಲ್ಲಿದ್ದಾರೆ. ಅದಕ್ಕೂ ಮೊದಲು ಈ ಬೇಸಿಗೆಯಲ್ಲಿ ಕುಷ್ಟಗಿ, ಯಲಬುರ್ಗಾ, ಗಂಗಾವತಿ ಸುತ್ತಮುತ್ತ ಪ್ರಾಕ್ಟೀಸ್ ಮಾಡುವ ಆಸೆ. ಅವರ ಗ್ರೂಪಿಗೆ ಬಂದ ಮೆಸೇಜ್ ಶುರುವಾಗುವುದೇ ಹೀಗೆ: "ಮರುಭೂಮಿಗೆ ಹೋಗುವವರು ತಪ್ಪದೆ ಓದಿ, ಹತ್ತು ಜನರಿಗೆ ಕಳಿಸಿ, ಒಂದು ಜೀವ ಉಳಿಸಿ." ಕೆಳಗೆ ಉದ್ದನೆಯ ಪಟ್ಟಿ. "ಇದರಲ್ಲಿ ಯಾವುದನ್ನು ನಂಬೋಣ?" ಎಂದು ಅವರು ಕೇಳಿದ್ದಾರೆ.

ಕೆಲವು ಸಾಲುಗಳು ನಿಜ. ಕೆಲವು ಬರೀ ತಮಾಷೆ. ಮೂರ್ನಾಲ್ಕು ಮಾತ್ರ ಜೀವಕ್ಕೇ ಕುತ್ತು ತರುವಂಥವು. ಒಂದೊಂದಾಗಿ ನೋಡೋಣ.

ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ತಾಗುವುದಿಲ್ಲವೇ?

ತಾಗುತ್ತದೆ. ಜೇಬಿನ ಉಳ್ಳಾಗಡ್ಡಿ ಮೈಯ ಶಾಖವನ್ನು ಹೀರುವುದಿಲ್ಲ. ರೊಟ್ಟಿ ಜೊತೆ ಕಚ್ಚಿ ತಿನ್ನಲು ಒಳ್ಳೆಯದು, ಅಷ್ಟೇ. ನಮ್ಮ ಮೈ ತಣ್ಣಗಾಗುವುದು ಬೆವರು ಆರುವುದರಿಂದ. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾದಾಗ, ಅಂದರೆ ಸುಮಾರು 35 ಡಿಗ್ರಿ ದಾಟಿದ ಮೇಲೆ, ಬೀಸುವ ಗಾಳಿ ಮೈಯಿಂದ ಶಾಖ ತೆಗೆಯುವುದಿಲ್ಲ, ಮೈಗೆ ಶಾಖ ಕೊಡುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ.

ಬೈಕ್ ಸವಾರರು ಮೋಸ ಹೋಗುವುದು ಇಲ್ಲಿಯೇ. ಮೇ ತಿಂಗಳ ಮಧ್ಯಾಹ್ನ ಟೀ ಶರ್ಟ್‌ನಲ್ಲಿ ಗಾಡಿ ಓಡಿಸಿದರೆ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಏಕೆಂದರೆ ಒಣಗಾಳಿ ಅದನ್ನು ಅಲ್ಲಿಂದಲ್ಲೇ ಆರಿಸಿಬಿಡುತ್ತದೆ. "ಬೆವರೇ ಬರಲಿಲ್ಲ, ನೀರು ಯಾಕೆ ಬೇಕು" ಎನ್ನಿಸುತ್ತದೆ. ಅಷ್ಟರಲ್ಲಿ ಮೈಯ ನೀರು ಖಾಲಿಯಾಗುತ್ತಿರುತ್ತದೆ. ಆದ್ದರಿಂದ ತುಂಬುತೋಳಿನ, ಗಾಳಿಯಾಡುವ ಜಾಕೆಟ್ ಹಾಕಿ, ಒಳಗೆ ಒದ್ದೆ ಹತ್ತಿ ಬಟ್ಟೆ ಇರಲಿ. ನಮ್ಮ ಕುರುಬರು ಸುಡುಬಿಸಿಲಿನಲ್ಲೂ ತಲೆಗೆ ರುಮಾಲು ಸುತ್ತಿ, ಹೆಗಲಿಗೆ ಕಂಬಳಿ ಹಾಕಿ ಕುರಿ ಮೇಯಿಸುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ.

ಬಿಸಿಲಿನಲ್ಲಿ ದೇಹಕ್ಕೆ ಶ್ರಮ ಕೊಡುವಾಗ ಗಂಟೆಗೆ ಮುಕ್ಕಾಲು ಲೀಟರಿನಿಂದ ಒಂದು ಲೀಟರ್ ನೀರು ಬೇಕಾಗುತ್ತದೆ. ಹಾಗೆಂದು ಗಂಟೆಗೆ ಒಂದೂವರೆ ಲೀಟರ್ ಮೀರಿ ಬರಿ ನೀರು ಕುಡಿಯಬೇಡಿ. ರಕ್ತದಲ್ಲಿನ ಸೋಡಿಯಂ ಇಳಿದು ಅದೂ ಅಪಾಯವೇ. ನಡುವೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಇರಲಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ತುಂಬಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕ್ಯಾಂಪ್ ಲೆಕ್ಕ ಹಾಕುವಾಗ ಒಬ್ಬರಿಗೆ ದಿನಕ್ಕೆ ಆರು ಲೀಟರ್, ಜೊತೆಗೆ ಗಾಡಿ ಕೆಟ್ಟು ನಿಂತರೆ ಬೇಕಾಗುವ ಒಂದು ದಿನದ ನೀರು ಬೇರೆ.

ಜೊತೆಗಾರ ತೊದಲತೊಡಗಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ನಿಂತಲ್ಲೇ ಓಲಾಡಿದರೆ ಅದು ದಣಿವಲ್ಲ, ಉಷ್ಣಾಘಾತ ಎಂದೇ ತಿಳಿಯಿರಿ. ಬೆವರುತ್ತಿದ್ದರೂ ಅಷ್ಟೇ. "ಬೆವರು ನಿಂತರೆ ಮಾತ್ರ ಉಷ್ಣಾಘಾತ" ಎಂಬುದೂ ತಪ್ಪು ತಿಳಿವಳಿಕೆ. ನೆರಳಿಗೆ ಕರೆದೊಯ್ದು, ಜಾಕೆಟ್ ಬಿಚ್ಚಿ, ಇದ್ದ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಮಂಕಾದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಒಂದು ಮಾತು. 2016ರ ಮೇ 19ರಂದು ರಾಜಸ್ಥಾನದ ಫಲೋಡಿಯಲ್ಲಿ 51 ಡಿಗ್ರಿ ದಾಖಲಾಗಿದೆ. ಈ ಗೆಳೆಯರು ಥಾರ್‌ಗೆ ಹೋಗುವುದು ಚಳಿಗಾಲದಲ್ಲಿ, ಅದು ಸರಿಯಾದ ಲೆಕ್ಕ. ಆದರೆ ಪ್ರಾಕ್ಟೀಸ್ ಇಟ್ಟುಕೊಂಡಿರುವುದು ಕೊಪ್ಪಳದ ಏಪ್ರಿಲ್-ಮೇ ಬಿಸಿಲಿನಲ್ಲಿ. ಅಂದರೆ ಬಿಸಿಲಿನ ಅಪಾಯ ಹೆಚ್ಚಿರುವುದು ಮರುಭೂಮಿಯಲ್ಲಲ್ಲ, ಊರ ಪಕ್ಕದಲ್ಲೇ. ಬೆಳಿಗ್ಗೆ ಹತ್ತರೊಳಗೆ ಮುಗಿಸಿ.

ಕಳ್ಳಿ ಕತ್ತರಿಸಿದರೆ ಕುಡಿಯುವ ನೀರು ಸಿಗುತ್ತದೆಯೇ?

ಇದನ್ನು ಬರೆದವರು ಕಳ್ಳಿ ಮುಟ್ಟಿದವರಲ್ಲ. ಸಿನಿಮಾದಲ್ಲಿ ಕಾಣುವ ದೊಡ್ಡ ಮುಳ್ಳುಗಳ್ಳಿಗಳು ಅಮೆರಿಕ ಖಂಡದವು, ಅವುಗಳಲ್ಲೂ ಹೆಚ್ಚಿನವುಗಳ ರಸ ಕುಡಿದರೆ ವಾಂತಿಯಾಗುತ್ತದೆ. ಥಾರ್‌ನಲ್ಲಿ ಬೆಳೆಯುವುದು ನಮ್ಮ ಹೊಲದ ಬೇಲಿಯ ಕಳ್ಳಿಯ ಬಳಗದ ಗಿಡ. ಕತ್ತರಿಸಿದರೆ ಬರುವುದು ನೀರಲ್ಲ, ಹಾಲು. ಆ ಹಾಲು ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂದು ಮನೆಯ ಅಜ್ಜಿಯನ್ನು ಕೇಳಿ. ಬಿದ್ದೇಬಿಟ್ಟರೆ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ನೀರಿನಿಂದ ತೊಳೆದು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಫುಲ್ ಟ್ಯಾಂಕ್ ಮಾಡಿಸಿದರೆ ಬಿಸಿಲಿಗೆ ಸಿಡಿಯುತ್ತದೆಯೇ?

ಇಲ್ಲ. ಇಂಡಿಯನ್ ಆಯಿಲ್ ಹೆಸರಿನಲ್ಲಿ ಪ್ರತಿ ಬೇಸಿಗೆ ತಿರುಗುವ ಈ ಮೆಸೇಜನ್ನು ಆ ಕಂಪನಿಯೇ ಅಲ್ಲಗಳೆದಿದೆ. ಪೆಟ್ರೋಲ್ ಹತ್ತು ಡಿಗ್ರಿಗೆ ಸುಮಾರು ಶೇಕಡಾ 1ರಷ್ಟು ಹಿಗ್ಗುತ್ತದೆ. 12 ಲೀಟರ್ ಟ್ಯಾಂಕಿನಲ್ಲಿ 30 ಡಿಗ್ರಿ ಏರಿದರೂ ಹೆಚ್ಚಾಗುವುದು ಮೂರೂವರೆ ನೂರು ಎಂಎಲ್. ಕಂಪನಿ ಹೇಳಿದ ಅಳತೆಯವರೆಗೆ ತುಂಬಿಸಿದರೆ ಅದಕ್ಕೆ ಒಳಗೆ ಜಾಗ ಇರುತ್ತದೆ. ಮುಚ್ಚಳದ ಕುತ್ತಿಗೆಯವರೆಗೆ ತುಂಬಿಸಬೇಡಿ, ಸೋರುತ್ತದೆ. ಭಯಪಡಬೇಕಾದ್ದು ಬೇರೆಯದಕ್ಕೆ: ನೀರಿನ ಬಾಟಲಿಯಲ್ಲಿ ಹೆಚ್ಚುವರಿ ಪೆಟ್ರೋಲ್ ತುಂಬಿ ಬ್ಯಾಗಿನಲ್ಲಿಡುವುದು. ಮರಳಿನಲ್ಲಿ ಮೈಲೇಜ್ ಚೆನ್ನಾಗಿಯೇ ಇಳಿಯುತ್ತದೆ. ಹೆದರಿ ಅರ್ಧ ಟ್ಯಾಂಕ್ ಹಾಕಿಸಿಕೊಂಡು ಹೋದವರು ಗಾಡಿ ತಳ್ಳಬೇಕಾದೀತು.

ಟೈರ್ ಗಾಳಿ ಇಳಿಸಬೇಕೇ?

ಈ ಸಾಲಿನಲ್ಲಿ ಅರ್ಧ ನಿಜವಿದೆ. ಮೆತ್ತನೆಯ ಮರಳಿನಲ್ಲಿ ಗಾಳಿ ಇಳಿಸಿದರೆ ಟೈರ್ ಅಗಲವಾಗಿ ಹರಡಿಕೊಂಡು ಹೂತುಹೋಗುವುದು ಕಡಿಮೆಯಾಗುತ್ತದೆ. ಆದರೆ ಮೆಸೇಜ್ ಹೇಳುವುದು "ಬೇಸಿಗೆಯಲ್ಲಿ ಟಾರ್ ರಸ್ತೆಯಲ್ಲೂ ಗಾಳಿ ಇಳಿಸಿ, ಇಲ್ಲದಿದ್ದರೆ ಬರ್ಸ್ಟ್ ಆಗುತ್ತದೆ" ಎಂದು. ಇದು ತಲೆಕೆಳಗು. ಗಾಳಿ ಕಡಿಮೆಯಾದ ಟೈರ್ ಉರುಳುವಾಗ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ, ಬಿಸಿಯಾದದ್ದೇ ಬರ್ಸ್ಟ್ ಆಗುತ್ತದೆ. ಹನುಮಸಾಗರದಿಂದ ಇಳಕಲ್, ವಿಜಯಪುರ, ಸೊಲ್ಲಾಪುರ ದಾಟಿ ಒಂದೂವರೆ ಸಾವಿರ ಕಿ.ಮೀ.ಗೂ ಮಿಕ್ಕಿದ ದಾರಿಯಲ್ಲಿ ಕಂಪನಿ ಹೇಳಿದಷ್ಟೇ ಗಾಳಿ ಇರಲಿ. ಮರಳಿಗೆ ಇಳಿಯುವ ಮುನ್ನ ಇಳಿಸಿ, ಹೊರಬಂದ ಮೇಲೆ ತುಂಬಿ. ಅದಕ್ಕೊಂದು ಕೈಪಂಪ್ ಒಯ್ಯಿರಿ. ಟ್ಯೂಬ್ ಇರುವ ಟೈರ್‌ನಲ್ಲಿ ತೀರಾ ಇಳಿಸಿದರೆ ಟೈರ್ ರಿಮ್ ಮೇಲೆ ಜಾರಿ ವಾಲ್ವ್ ಕಿತ್ತುಬರುತ್ತದೆ.

ನಮ್ಮ ಕಡೆಯ ನೆಲದ ಲೆಕ್ಕವೇ ಬೇರೆ. ಇಲ್ಲಿ ಮರಳಿಗಿಂತ ಕಲ್ಲು, ಬಳ್ಳಾರಿ ಜಾಲಿಯ ಮುಳ್ಳು ಹೆಚ್ಚು. ಗಾಳಿ ಇಳಿಸಿದರೆ ಕಲ್ಲಿಗೆ ರಿಮ್ ಬಡಿದು ಟ್ಯೂಬ್ ಕಚ್ಚಿಕೊಳ್ಳುತ್ತದೆ. ಇನ್ನು ಎರೆ ಹೊಲದ ದಾರಿ: ಒಂದು ಮಳೆ ಬಿದ್ದರೆ ಮಣ್ಣು ಮಡ್‌ಗಾರ್ಡ್ ತುಂಬಿ ಚಕ್ರವೇ ತಿರುಗುವುದಿಲ್ಲ. ಅದಕ್ಕೆ ಯಾವ ಪಿಎಸ್‌ಐ ಲೆಕ್ಕವೂ ಇಲ್ಲ, ಇಳಿದು ಕೋಲಿನಿಂದ ಕೆರೆಯುವುದೇ.

ಮರಳಿನ ಸವಾರಿ ಕಲಿಯದೆ ಬರುವುದಿಲ್ಲ ಎಂಬುದಕ್ಕೆ ಕನ್ನಡಿಗರದೇ ಉದಾಹರಣೆ ಇದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಪೂರೈಸಿದ ಮೊದಲ ಭಾರತೀಯ. ಉಡುಪಿಯ ಕೆ.ಪಿ. ಅರವಿಂದ್, ಹೌದು, ಬಿಗ್ ಬಾಸ್‌ನಲ್ಲಿ ನೋಡಿದ ಅರವಿಂದ್, 2019ರಲ್ಲಿ ಪೂರೈಸಿದರು. ಅಷ್ಟು ಪಳಗಿದ ಸಂತೋಷ್ 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಔಷಧಿಯಿಂದ ಕೋಮಾ ಸ್ಥಿತಿಯಲ್ಲಿಡಬೇಕಾಯಿತು. ಅವರಿಗೆ ಹೆಲಿಕಾಪ್ಟರ್ ಇತ್ತು. ಈ ನಾಲ್ವರಿಗೆ ಇರುವುದು ಒಬ್ಬರಿಗೊಬ್ಬರು. ಆದ್ದರಿಂದ ಯಾರೂ ಒಂಟಿಯಾಗಿ ದಿಬ್ಬ ಹತ್ತಬಾರದು, ದಿಬ್ಬದ ಆಚೆ ಏನಿದೆ ಎಂದು ನಿಂತು ನೋಡದೆ ಹಾರಿಸಬಾರದು.

ಟೆಂಟ್ ಎಲ್ಲಿ, ಸುತ್ತ ಏನು?

"ಒಣಗಿದ ಹಳ್ಳದ ಮರಳು ಮೆತ್ತಗಿರುತ್ತದೆ, ಗಾಳಿಯೂ ಬೀಸುವುದಿಲ್ಲ, ಅಲ್ಲೇ ಟೆಂಟ್ ಹಾಕಿ" ಎನ್ನುತ್ತದೆ ಮೆಸೇಜ್. ಖಂಡಿತ ಬೇಡ. ಹಳ್ಳಕ್ಕೆ ನೀರು ಬರಲು ನಿಮ್ಮ ತಲೆಯ ಮೇಲೇ ಮಳೆ ಬೀಳಬೇಕಿಲ್ಲ, ಮೇಲಿನ ಊರಲ್ಲಿ ಬಿದ್ದರೆ ಸಾಕು. ಮರುಭೂಮಿಯಲ್ಲೂ ಹೀಗೆಯೇ. 2006ರ ಆಗಸ್ಟ್‌ನಲ್ಲಿ ಥಾರ್‌ನ ಬಾಡಮೇರ್ ಜಿಲ್ಲೆಯ ಕವಾಸ್ ಗ್ರಾಮ ನೆರೆಯಲ್ಲಿ ಮುಳುಗಿತ್ತು.

ಬೆಳ್ಳುಳ್ಳಿ, ಉಪ್ಪಿನ ಗೆರೆ, ಫಿನಾಯಿಲ್, ಯಾವುದೂ ಹಾವನ್ನು ತಡೆಯುವುದಿಲ್ಲ. ತಡೆಯುವುದು ಜಿಪ್ ಪೂರ್ತಿ ಮುಚ್ಚಿದ ಟೆಂಟ್. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು. ನೋವಾಗಲಿ ಬಾವಾಗಲಿ ಅಷ್ಟಾಗಿ ಇರುವುದಿಲ್ಲ, ಬೆಳಗಿನ ಹೊತ್ತಿಗೆ ರೆಪ್ಪೆ ಎತ್ತಲಾಗದಂತಾಗುತ್ತದೆ. ಬೆಳಿಗ್ಗೆ ಬೂಟು ಝಾಡಿಸಿ ಹಾಕಿ, ಚೇಳು ಇದ್ದೀತು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು, ನಡೆಸದೆ, ವಿಷನಿರೋಧಕ ಔಷಧ ಇರುವ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ಟೆಂಟ್ ಹಾಕುವ ಮೊದಲೇ ಹತ್ತಿರದ ಆಸ್ಪತ್ರೆ ಯಾವುದು, ಔಷಧ ಇದೆಯೇ ಎಂದು ಫೋನಿನಲ್ಲಿ ಕೇಳಿಟ್ಟುಕೊಳ್ಳಿ.

ಗಂಗಾವತಿ ಕಡೆಯ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಬಂಕಾಪುರದಲ್ಲಿ ತೋಳಧಾಮವೇ ಇದೆ. ಅಲ್ಲಿ ಅರಣ್ಯ ಇಲಾಖೆಯನ್ನು ಕೇಳದೆ ಮಲಗುವಂತಿಲ್ಲ. 2025ರ ಮಾರ್ಚ್‌ನಲ್ಲಿ ಸಣಾಪುರದ ಕಾಲುವೆ ಬಳಿ ರಾತ್ರಿ ಕುಳಿತಿದ್ದ ಪ್ರವಾಸಿಗರ ಮೇಲೆ ನಡೆದ ದಾಳಿ ನೆನಪಿರಬಹುದು. ನಿರ್ಜನ ಜಾಗಕ್ಕಿಂತ ಊರವರಿಗೆ ಹೇಳಿ, ಊರಿನ ಕಣ್ಣಳತೆಯಲ್ಲಿ ಟೆಂಟ್ ಹಾಕುವುದು ವಾಸಿ.

ಹೊಗೆಯಿಲ್ಲದ ಕೆಂಡ ಟೆಂಟ್ ಒಳಗೆ ಇಡಬಹುದೇ?

ಇಡೀ ಪಟ್ಟಿಯಲ್ಲಿ ನಮಗೆ ಹೆಚ್ಚು ಭಯ ಹುಟ್ಟಿಸಿದ್ದು ಇದೇ. ಮರುಭೂಮಿಯ ಆಕಾಶದಲ್ಲಿ ಮೋಡವಿಲ್ಲ, ಗಾಳಿಯಲ್ಲಿ ತೇವವಿಲ್ಲ. ಹಗಲು ಕಾದ ನೆಲದ ಶಾಖ ತಡೆಯಿಲ್ಲದೆ ಮೇಲಕ್ಕೆ ಹೋಗಿಬಿಡುತ್ತದೆ, ಜನವರಿಯ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ನಮ್ಮ ಕಡೆಯವರಿಗೆ ಅಂಥ ಚಳಿ ರೂಢಿಯಿಲ್ಲ. ಕೆಂಡದ ಒಲೆ ಒಳಗೆ ತರೋಣ ಎನಿಸುವುದು ಸಹಜ. ಹೊಗೆ ನಿಂತ ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿಯುತ್ತದೆ. ತಲೆನೋವು, ಮಂಪರು, ನಿದ್ದೆ, ಮತ್ತೆ ಏಳುವುದಿಲ್ಲ. ಟೆಂಟ್ ಬಾಗಿಲು ಸ್ವಲ್ಪ ತೆರೆದರೂ ಸಾಲದು. ಬೆಂಕಿ ಹೊರಗೇ ಇರಲಿ, ಒಳಗೆ ಕಂಬಳಿ ಇರಲಿ.

ನೆಟ್‌ವರ್ಕ್ ಇಲ್ಲದಿದ್ದರೂ 112 ಹತ್ತುತ್ತದೆಯೇ?

ನಿಮ್ಮ ಸಿಮ್‌ನ ನೆಟ್‌ವರ್ಕ್ ಇಲ್ಲದೆ ಬೇರೆ ಕಂಪನಿಯ ಟವರ್ ಇದ್ದರೆ ಹತ್ತಬಹುದು. ಯಾವ ಟವರೂ ಇಲ್ಲದಿದ್ದರೆ ಇಲ್ಲ. ಜಿಪಿಎಸ್‌ಗೆ ಮಾತ್ರ ಟವರ್ ಬೇಕಿಲ್ಲ, ಆದ್ದರಿಂದ ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಸ್ಯಾಟಲೈಟ್ ಫೋನನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ, ಅದರಲ್ಲೂ ಜೈಸಲ್ಮೇರ್ ಗಡಿ ಜಿಲ್ಲೆ. ಗಡಿಗೆ ತೀರಾ ಹತ್ತಿರದ ಜಾಗಗಳಿಗೂ ಅನುಮತಿ ಬೇಕು, ಅಲ್ಲಿನ ಮರುಭೂಮಿ ರಾಷ್ಟ್ರೀಯ ಉದ್ಯಾನದೊಳಗೆ ಮನಬಂದಂತೆ ಗಾಡಿ ನುಗ್ಗಿಸುವಂತಿಲ್ಲ. ಅದು ಎರೆಭೂತ ಹಕ್ಕಿಯ ಕೊನೆಯ ನೆಲೆಗಳಲ್ಲೊಂದು. ನಮ್ಮ ಪಕ್ಕದ ಸಿರುಗುಪ್ಪದ ಎರೆ ಬಯಲಿನಲ್ಲೂ ಬೆರಳೆಣಿಕೆಯಷ್ಟು ಕಂಡಿರುವ ಹಕ್ಕಿ ಅದೇ.

ಹೊರಡುವ ದಿನ ಮನೆಯವರ ಕೈಗೆ ಒಂದು ಚೀಟಿ ಕೊಡಿ: ಯಾವ ದಾರಿ, ಯಾವ ರಾತ್ರಿ ಎಲ್ಲಿ, ಯಾವ ಹೊತ್ತಿನವರೆಗೆ ಫೋನ್ ಬರದಿದ್ದರೆ ಯಾರಿಗೆ ಕರೆ ಮಾಡಬೇಕು. ಹನುಮಸಾಗರದ ಓದುಗರಿಗೆ ನಾವು ಇದನ್ನೇ ಬರೆದು ಕಳಿಸಿದ್ದೇವೆ. ಉಳ್ಳಾಗಡ್ಡಿ ಬಿಟ್ಟು ಹೋಗಬೇಕೇ ಎಂದು ಅವರು ಮತ್ತೆ ಕೇಳಿದರು. ಬುತ್ತಿಯಲ್ಲಿ ಒಯ್ಯಿರಿ ಎಂದೆವು.