ಸಿಸ್ಟಿಕ್ ಫೈಬ್ರೋಸಿಸ್: ಶ್ವಾಸಕೋಶದ ಸೋಂಕಿನ ಬೆನ್ನು ಹತ್ತಿದ ದಾನಿಗಳ ಹಣ

ಒಂದೇ ಕಾಯಿಲೆ ಇರುವ ಇಬ್ಬರು ಅಕ್ಕಪಕ್ಕ ಕುಳಿತು ಕಷ್ಟಸುಖ ಮಾತಾಡಿಕೊಳ್ಳುವಂತಿಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಇರುವವರ ಪಾಡು ಇದು. ಒಬ್ಬರ ಶ್ವಾಸಕೋಶದ ರೋಗಾಣು ಇನ್ನೊಬ್ಬರಿಗೆ ದಾಟಿದರೆ ಜೀವಕ್ಕೇ ಅಪಾಯ. ಅಮೆರಿಕದಲ್ಲಿ ಈ ಮಕ್ಕಳಿಗಾಗಿ ನಡೆಯುತ್ತಿದ್ದ ಬೇಸಿಗೆ ಶಿಬಿರಗಳು 1990ರ ದಶಕದಲ್ಲಿ ನಿಂತುಹೋಗಲು ಬರ್ಕ್‌ಹೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾದ ಭಯವೇ ಕಾರಣ.

ಇದು ಹುಟ್ಟಿನಿಂದಲೇ ಬರುವ ಕಾಯಿಲೆ. ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ಸಿಎಫ್‌ಟಿಆರ್ ಜೀನ್ ಬಂದಾಗ ಮಾತ್ರ ಮಗುವಿಗೆ ರೋಗ ಕಾಣಿಸುತ್ತದೆ. ಕಫ ಅಂಟಿನಂತೆ ಗಟ್ಟಿಯಾಗಿ ಶ್ವಾಸನಾಳದಲ್ಲೇ ನಿಲ್ಲುತ್ತದೆ. ಅದರಲ್ಲಿ ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾ ಒಮ್ಮೆ ಬೇರೂರಿದರೆ ಆ್ಯಂಟಿಬಯಾಟಿಕ್‌ಗೂ ಸುಲಭವಾಗಿ ಜಗ್ಗುವುದಿಲ್ಲ.

ರೋಗಿಗಳ ಸಂಖ್ಯೆ ಕಡಿಮೆ ಇರುವ ಕಾಯಿಲೆಗೆ ಔಷಧ ಕಂಪನಿಗಳು ತಾವಾಗಿ ಹಣ ಹೂಡುವುದು ಅಪರೂಪ. ಆ ಜಾಗ ತುಂಬಿದ್ದು ದತ್ತಿ ಸಂಸ್ಥೆಗಳು. ಅಮೆರಿಕದ ಸಿಸ್ಟಿಕ್ ಫೈಬ್ರೋಸಿಸ್ ಫೌಂಡೇಶನ್ ಅನ್ನು 1955ರಲ್ಲಿ ಕಟ್ಟಿದವರು ರೋಗಿಗಳ ಹೆತ್ತವರೇ. ಬ್ರಿಟನ್ನಿನ ಟ್ರಸ್ಟ್ ಹುಟ್ಟಿದ್ದು 1964ರಲ್ಲಿ.

ಈ ಹಣ ಏನು ಮಾಡಿತು ಎಂಬುದಕ್ಕೆ ಮೈಕೋಬ್ಯಾಕ್ಟೀರಿಯಂ ಆ್ಯಬ್ಸೆಸಸ್‌ನ ಕಥೆ ನೋಡಿ. ಇದು ಕ್ಷಯದ ರೋಗಾಣುವಿನ ದೂರದ ನೆಂಟ. ಮಣ್ಣು, ನೀರಿನಿಂದ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಅಂಟುತ್ತದೆ ಎಂದೇ ವೈದ್ಯರು ನಂಬಿದ್ದರು. ಬ್ರಿಟನ್ನಿನ ಟ್ರಸ್ಟ್ ಮತ್ತು ವೆಲ್‌ಕಮ್ ಟ್ರಸ್ಟ್ ನೆರವಿನಿಂದ ಕೇಂಬ್ರಿಡ್ಜ್‌ನ ಸಂಶೋಧಕರು ಯುರೋಪ್, ಅಮೆರಿಕ, ಆಸ್ಟ್ರೇಲಿಯಾದ 517 ರೋಗಿಗಳಿಂದ ಪಡೆದ ಸಾವಿರಕ್ಕೂ ಹೆಚ್ಚು ಮಾದರಿಗಳ ಜೀನೋಮ್ ಓದಿದರು. 2016ರಲ್ಲಿ ಪ್ರಕಟವಾದ ಫಲಿತಾಂಶ ನಂಬಿಕೆಯನ್ನೇ ತಲೆಕೆಳಗು ಮಾಡಿತು. ಹೆಚ್ಚಿನವರಲ್ಲಿ ಇದ್ದದ್ದು ಖಂಡಗಳನ್ನೇ ದಾಟಿ ಹರಡಿದ್ದ ಕೆಲವೇ ತಳಿಗಳು. ರೋಗಿಯಿಂದ ರೋಗಿಗೆ, ಬಹುಶಃ ಕೆಮ್ಮಿದಾಗ ಹಾರುವ ಕಣಗಳು ಮತ್ತು ಮುಟ್ಟಿದ ವಸ್ತುಗಳ ಮೂಲಕ ಅದು ದಾಟುತ್ತಿತ್ತು. ಎಂದರೆ, ಚಿಕಿತ್ಸೆಗೆಂದು ಹೋದ ಆಸ್ಪತ್ರೆಯಲ್ಲೇ ಸೋಂಕು ತಗಲುವ ಸಾಧ್ಯತೆ ಇತ್ತು!

ಔಷಧಕ್ಕೆ ಬಗ್ಗದ ಇದೇ ರೋಗಾಣುವಿನ ಮೇಲೆ, ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಫೇಜ್ ಎಂಬ ವೈರಸ್‌ಗಳನ್ನೂ ಪ್ರಯೋಗಿಸಲಾಗಿದೆ. ಶ್ವಾಸಕೋಶ ಕಸಿಯ ನಂತರ ಸೋಂಕು ಮೈಯೆಲ್ಲ ಹರಡಿದ್ದ ಬ್ರಿಟನ್ನಿನ 15 ವರ್ಷದ ಹುಡುಗಿಗೆ ಮೂರು ಫೇಜ್‌ಗಳ ಮಿಶ್ರಣ ಕೊಟ್ಟ ವರದಿ 2019ರಲ್ಲಿ ಬಂತು. ಸೋಂಕು ಪೂರ್ತಿ ಹೋಗಲಿಲ್ಲ, ಆದರೆ ಆಕೆ ಚೇತರಿಸಿಕೊಂಡಳು. ಆ ಮೂರರಲ್ಲಿ ಒಂದು ಸಿಕ್ಕಿದ್ದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ, ಕೊಳೆತ ಬದನೆಕಾಯಿಯ ಅಡಿಯಲ್ಲಿ.

2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರೈಕಾಫ್ಟಾ ಮಾತ್ರೆ ಜೀನ್‌ನ ದೋಷದ ಪರಿಣಾಮವನ್ನೇ ತಗ್ಗಿಸಿ ಅನೇಕರ ಬದುಕು ಬದಲಿಸಿದೆ. ಹಾಗೆಂದು ಹಳೆಯ ಸೋಂಕು ಎಲ್ಲರಲ್ಲೂ ಮಾಯವಾಗುವುದಿಲ್ಲ. ಎಲ್ಲ ಬಗೆಯ ಜೀನ್ ದೋಷಕ್ಕೂ ಈ ಮಾತ್ರೆ ಒಗ್ಗುವುದಿಲ್ಲ. ಸೋಂಕಿನ ಸಂಶೋಧನೆಗೆಂದೇ ಅಮೆರಿಕದ ಫೌಂಡೇಶನ್ 2018ರಲ್ಲಿ 10 ಕೋಟಿ ಡಾಲರ್ ಘೋಷಿಸಿದ್ದು ಸುಮ್ಮನೆ ಅಲ್ಲ.

ಭಾರತದಲ್ಲಿ ಇದನ್ನು ಬಹುಕಾಲ ಬಿಳಿಯರ ಕಾಯಿಲೆ ಎಂದೇ ಭಾವಿಸಲಾಗಿತ್ತು. ಆಸ್ತಮಾ ಅಥವಾ ಕ್ಷಯ ಎಂದುಕೊಂಡು ವರ್ಷಗಟ್ಟಲೆ ಔಷಧ ನುಂಗುವ ಮಕ್ಕಳಿದ್ದಾರೆ. ಪದೇ ಪದೇ ನ್ಯುಮೋನಿಯಾ, ಜಿಡ್ಡು ಜಿಡ್ಡಾದ ಮಲ, ಏರದ ತೂಕ, ಮುತ್ತಿಟ್ಟರೆ ಉಪ್ಪೆನಿಸುವ ಚರ್ಮ, ಇವು ಒಟ್ಟಾಗಿ ಕಂಡರೆ ಬೆವರಿನಲ್ಲಿರುವ ಕ್ಲೋರೈಡ್ ಅಳೆಯುವ ಪರೀಕ್ಷೆ ಮಾಡಿಸಬೇಕೇ ಎಂದು ಮಕ್ಕಳ ತಜ್ಞರನ್ನು ಕೇಳಿ. ದೆಹಲಿಯ ಏಮ್ಸ್, ವೆಲ್ಲೂರಿನ ಸಿಎಂಸಿಯಂಥ ಆಸ್ಪತ್ರೆಗಳಲ್ಲಿ ಈ ಕಾಯಿಲೆಯನ್ನು ನೋಡಿ ಬಲ್ಲ ವೈದ್ಯರಿದ್ದಾರೆ.