ಹತ್ತು, ಹದಿನೈದು, ಇಪ್ಪತ್ತು...

ಮೊನ್ನೆ ಮಾಗಡಿ ಕಡೆಗೆ ಹೋಗಿದ್ದೆವು. ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಗಾಡಿ ನಿಲ್ಲಿಸಿ ಆಲದ ಮರಗಳ ಕೆಳಗೆ ಬುತ್ತಿ ಬಿಚ್ಚಿದೆವು. ಮಗಳು ಮೇಲೆ ನೋಡುತ್ತಾ, "ಇಷ್ಟಕ್ಕೂ ನೀರು ಹಾಕಿದ್ದು ಯಾರಪ್ಪಾ?" ಅಂದಳು. ನೆಟ್ಟಿದ್ದು ಸಾಲುಮರದ ತಿಮ್ಮಕ್ಕ ಅಂತ ಅವಳಿಗೆ ಗೊತ್ತು. ನೀರಿನ ಪ್ರಶ್ನೆಗೆ ನಾನೇ ಸ್ವಲ್ಪ ತಡವರಿಸಿದೆ :)

ಯಾಕೆ ಅಂದ್ರೆ, ನಾನೂ ಒಂದು ಕಾಲದಲ್ಲಿ ಗಿಡ ನೆಟ್ಟವನೇ. ಕಾಲೇಜಿನ ಎನ್ನೆಸ್ಸೆಸ್ ಶಿಬಿರ. ಹತ್ತು ದಿನ ಹಳ್ಳಿಯ ಶಾಲೆಯಲ್ಲಿ ವಾಸ, ಬೆಳಿಗ್ಗೆ ಗುಂಡಿ ತೋಡುವುದು, ಸಂಜೆ ಹಾಡು, ರಾತ್ರಿ ಚಿತ್ರಾನ್ನ. ಕೊನೆಯ ದಿನ ಗುಂಡಿಗಳ ಪಕ್ಕ ನಿಂತು ಫೋಟೋ. ಮುಂದಿನ ವರ್ಷ ಹೋಗಿ ನೋಡಿದರೆ ಗುಂಡಿಗಳು ಮಾತ್ರ ಇದ್ದವು! 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಶುರುವಾದ ಯೋಜನೆ ಅದು. ಒಳ್ಳೆಯದೇ. ಆದರೆ ಶಿಬಿರ ಮುಗಿದ ಮೇಲೆ ಬರುವ ಬೇಸಿಗೆಗೆ ನಮ್ಮಲ್ಲಿ ಯಾರೂ ಇರಲಿಲ್ಲ.

ತಿಮ್ಮಕ್ಕ ಹುಟ್ಟಿದ್ದು ಗುಬ್ಬಿಯಲ್ಲಿ, ಮದುವೆಯಾಗಿ ಬಂದಿದ್ದು ಹುಲಿಕಲ್‌ಗೆ. ಶಾಲೆಗೆ ಹೋದವರಲ್ಲ, ಕೂಲಿ ಮಾಡಿದವರು. ಗಂಡ ಚಿಕ್ಕಯ್ಯ. ಮಕ್ಕಳಿಲ್ಲದ್ದಕ್ಕೆ ಮರಗಳನ್ನೇ ಮಕ್ಕಳು ಅಂದುಕೊಂಡರು ಅನ್ನುವ ಕಥೆ ನಿಮಗೆಲ್ಲಾ ಗೊತ್ತಿರುವುದೇ. ಅದು ನಿಜವೇ. ಆದರೆ ಆ ಕಥೆ ಕೇಳಿ ಕಣ್ಣೊರೆಸಿಕೊಂಡು ಮುಂದೆ ಹೋದರೆ ಅವರ ಲೆಕ್ಕಾಚಾರ ನಮಗೆ ಕಾಣುವುದೇ ಇಲ್ಲ.

ಊರಿನಲ್ಲಿದ್ದ ಆಲದ ಮರಗಳಿಂದಲೇ ಸಸಿ ಮಾಡಿಕೊಂಡರು. ಮೊದಲ ವರ್ಷ 10. ಎರಡನೇ ವರ್ಷ 15. ಮೂರನೆಯದು 20. ನೋಡಿ, ಒಂದೇ ದಿನಕ್ಕೆ ಸಾವಿರ ಅಲ್ಲ! ಮಳೆಗಾಲದಲ್ಲಿ ನೆಡುವುದು, ದನ ಮೇಯದ ಹಾಗೆ ಮುಳ್ಳು ಕಟ್ಟುವುದು, ಆಮೇಲೆ ಗಂಡ ಹೆಂಡತಿ ನಾಲ್ಕು ಕೊಡ ನೀರು ಹೊತ್ತುಕೊಂಡು ನಾಲ್ಕು ಕಿಲೋಮೀಟರ್ ನಡೆಯುವುದು. ಕೂಲಿ ಬಿಟ್ಟು ಅಲ್ಲ, ಕೂಲಿಯ ಜೊತೆಗೆ. ಎಷ್ಟಕ್ಕೆ ನೀರು ಹೊರಬಹುದೋ ಅಷ್ಟೇ ನೆಟ್ಟರು ಅಂತ ನನಗನಿಸುತ್ತದೆ. ಹಾಗೆ ಬೆಳೆದ ಸಾಲಿನಲ್ಲಿ 385 ಮರ ಅನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ.

ಚಿಕ್ಕಯ್ಯನವರು 1991ರಲ್ಲಿ ತೀರಿಕೊಂಡರು. ಪ್ರಶಸ್ತಿಗಳೆಲ್ಲಾ ಬಂದಿದ್ದು ಆಮೇಲೆ. 1995ರ ರಾಷ್ಟ್ರೀಯ ಪೌರ ಪ್ರಶಸ್ತಿ, 2019ರಲ್ಲಿ ಪದ್ಮಶ್ರೀ. ರಾಷ್ಟ್ರಪತಿ ಕೋವಿಂದರ ತಲೆ ಮುಟ್ಟಿ ಅಜ್ಜಿ ಹರಸಿದ ಫೋಟೋ ನೋಡದವರು ಯಾರಿದ್ದಾರೆ? ಅದರಲ್ಲಿ ಚಿಕ್ಕಯ್ಯ ಇಲ್ಲವಲ್ಲ ಅಂತ ನನಗೆ ಯಾವಾಗಲೂ ಒಂದು ಸಣ್ಣ ಸಂಕಟ. ಅರ್ಧ ನೀರು ಅವರು ಹೊತ್ತದ್ದು ತಾನೇ?

ನಮ್ಮಲ್ಲಿ ಕೆಲವರಿಗೆ ಸಮಾಜಸೇವೆ ಅಂದರೆ ಮನೆಯವರ ಕಣ್ಣು ತಪ್ಪಿಸಿ ಭಾನುವಾರ ಮಾಡುವ ಕೆಲಸ (ನನ್ನ ಹೆಂಡತಿಯನ್ನು ಕೇಳಿ!). ಇವರದು ಮನೆಯದೇ ಕೆಲಸ. ಮುಂದೆ ಅದೇ ಗಿಡದ ಹುಚ್ಚಿನ ಹುಡುಗ ಉಮೇಶ್ ಹತ್ತಿರ ಬಂದು ಸಾಕುಮಗನಾದ. ಎಳೆಯರು ಆ ಮನೆಗೆ ಬಂದದ್ದೂ ಗಿಡದ ದಾರಿಯಲ್ಲೇ.

2019ರಲ್ಲಿ ಬಾಗೇಪಲ್ಲಿ-ಹಲಗೂರು ರಸ್ತೆ ಅಗಲ ಮಾಡುವ ಯೋಜನೆಗೆ ಈ ಮರಗಳು ಹೋಗುವ ಹಾಗಿದ್ದವು. ನೂರು ದಾಟಿದ ಅಜ್ಜಿ ಸರ್ಕಾರದ ಬಾಗಿಲಿಗೆ ಹೋಗಬೇಕಾಯಿತು. ಬೇರೆ ದಾರಿ ಹುಡುಕುತ್ತೇವೆ ಅಂತ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿ ಮಾತು ಕೊಟ್ಟರು. 2025ರ ನವೆಂಬರ್ 14ರಂದು, ಮಕ್ಕಳ ದಿನದಂದೇ, ತಿಮ್ಮಕ್ಕ ತೀರಿಕೊಂಡರು. 114 ವರ್ಷ.

ಊಟ ಮುಗಿಸಿ ಏಳುವಾಗ ಮಗಳು ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಒಂದು ದೊಡ್ಡ ಬೇರಿನ ಮೇಲೆ ಸುರಿದಳು. ಆ ಮರಕ್ಕೆ ಅದೇನೂ ಬೇಕಿರಲಿಲ್ಲ ಬಿಡಿ.

ನಿಮ್ಮೂರ ದಾರಿಯ ಸಾಲುಮರ ನೆಟ್ಟವರು ಯಾರು? ನೀರು ಹೊತ್ತವರ ಹೆಸರು ಮನೆಯ ಹಿರಿಯರಿಗೇನಾದರೂ ನೆನಪಿದ್ದರೆ ಕೇಳಿ ಬರೆಯಿರಿ, ಓದಲು ಕಾಯುತ್ತಿರುತ್ತೇನೆ.