ಯೇವಲಾದ ಪಟ, ಸಮುದ್ರದ ಪಟ

ಮುಂಬಯಿಗೆ ಬಂದು ನಲವತ್ತು ವರ್ಷ ದಾಟಿದರೂ ಯೇವಲಾ ಕಡೆ ತಲೆ ಹಾಕಿರಲಿಲ್ಲ. ಮಗಳ ಪೈಠಣಿ ಸೀರೆಯ ನೆಪದಲ್ಲಿ ಒಮ್ಮೆ ಸಂಕ್ರಾಂತಿಗೇ ಹೋದೆವು. ಊರಿಗೆ ಊರೇ ಮಾಳಿಗೆ ಮೇಲಿತ್ತು! ಭೋಗಿ, ಸಂಕ್ರಾಂತಿ, ಕರಿ ಮೂರೂ ದಿನ ಗಾಳಿಪಟ, ಹಲಗೆಯ ಸದ್ದು. ದಾರ ಸುತ್ತುವ ದೊಡ್ಡ ರಾಟೆಗೆ ಅಲ್ಲಿ 'ಆಸಾರಿ' ಅನ್ನುತ್ತಾರೆ. ಗುಜರಾತಿನಿಂದ ಬಂದ ನೇಕಾರರು ತಂದ ಹುಚ್ಚಿದು ಎಂದು ಊರಿನವರ ಮಾತು.

ಗಾಳಿ ಜೋರಾದಾಗ ಪಕ್ಕದ ಮಾಳಿಗೆಯ ಅಜ್ಜ ದೊಡ್ಡ ಪಟ ಇಳಿಸಿ ಸಣ್ಣದು ಏರಿಸಿದರು. "ಯಾಕೆ ಅಜ್ಜ, ಚೆನ್ನಾಗೇ ಹಾರುತ್ತಿತ್ತಲ್ಲ?" ಅಂದೆ. "ಚೆನ್ನಾಗಿರುವಾಗಲೇ ಇಳಿಸಬೇಕಪ್ಪಾ" ಅಂದರು. ನನಗೆ ಚುರುಕ್ ಅಂತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ರೇಸ್ ದೋಣಿಯವರೂ ಒಂದು ಹಾಯಿಗೆ ಆಡುಮಾತಿನಲ್ಲಿ 'ಗಾಳಿಪಟ' ಎಂದೇ ಹೇಳುತ್ತಾರೆ. ಅದರ ಹೆಸರು ಸ್ಪಿನ್ನೇಕರ್. ಗಾಳಿ ಬೆನ್ನ ಹಿಂದಿನಿಂದ ಬೀಸುವಾಗ ಮುಂದೆ ಉಬ್ಬಿ ನಿಲ್ಲುವ ಬಣ್ಣದ ಹಾಯಿ. 1860ರ ದಶಕದಲ್ಲಿ ಇಂಗ್ಲೆಂಡಿನ ರೇಸ್‌ಗಳಲ್ಲಿ ಕಾಣಿಸಿಕೊಂಡಿತು. 'ಸ್ಫಿಂಕ್ಸ್' ಎಂಬ ದೋಣಿಯಿಂದ ಆ ಹೆಸರು ಬಂತು ಎಂಬ ಕತೆಯಿದೆ. ಮೊದಲು ತೆಳು ಹತ್ತಿ ಬಟ್ಟೆಯದು. ಎರಡನೇ ಮಹಾಯುದ್ಧದ ನಂತರ ನೈಲಾನ್ ಬಂತು. ನೈಲಾನ್ ಹಗುರ, ಗಾಳಿಯ ಹೊಡೆತಕ್ಕೆ ಸ್ವಲ್ಪ ಹಿಗ್ಗುತ್ತದೆ ಕೂಡ.

ಹಳೆಯ ಸ್ಪಿನ್ನೇಕರ್ ಎಡಬಲ ಒಂದೇ ಅಳತೆಯದು. ಒಂದು ಮೂಲೆಗೆ ಗಳೆ ಕೊಟ್ಟು ನೇರ ಗಾಳಿಯ ದಾರಿಯಲ್ಲೇ ಹೋಗಬಹುದು. 1980ರ ದಶಕದಲ್ಲಿ ಸಿಡ್ನಿಯ ಹದಿನೆಂಟು ಅಡಿ ದೋಣಿಗಳವರು ಎಡಬಲ ಸಮವಿಲ್ಲದ ಹಾಯಿ ಕಟ್ಟಿ, ಅದರ ಮುಂದಿನ ಮೂಲೆಯನ್ನು ದೋಣಿಯ ಮೂತಿಯಿಂದ ಚಾಚಿದ ಗಳೆಗೆ ಬಿಗಿದರು. ಅದರಲ್ಲಿ ನೇರ ಹೋಗುವುದಿಲ್ಲ, ಓರೆ ಓರೆಯಾಗಿ ಹೋಗುತ್ತಾರೆ. ದಾರಿ ಉದ್ದ, ಆದರೂ ಬೇಗ ತಲುಪುತ್ತಾರೆ! ಗಾಳಿಯ ಜೊತೆಗೇ ಓಡಿದರೆ ಹಾಯಿಗೆ ಸಿಗುವ ಗಾಳಿ ಕಡಿಮೆ. ಓರೆಯಾಗಿ ಓಡಿದರೆ ದೋಣಿಯ ವೇಗವೂ ಸೇರಿ ಗಾಳಿ ಹೆಚ್ಚುತ್ತದೆ.

ನಮ್ಮವರ ಕತೆಯೂ ಇದೆ. 1982ರ ಏಷ್ಯನ್ ಗೇಮ್ಸ್‌ನ ಹಾಯಿದೋಣಿ ಸ್ಪರ್ಧೆ ನಡೆದದ್ದು ಮುಂಬಯಿಯಲ್ಲೇ. ಫಾರೂಕ್ ತಾರಾಪೋರ್, ಜರೀರ್ ಕರಂಜಿಯಾ ಜೋಡಿ ಫೈರ್‌ಬಾಲ್ ವರ್ಗದಲ್ಲಿ ಚಿನ್ನ ಗೆದ್ದಿತು. ಆ ದೋಣಿಗೆ ಹಳೆಯ ಬಗೆಯ ಸ್ಪಿನ್ನೇಕರ್. 2018ರಲ್ಲಿ ಹೊಸ ಬಗೆಯ ಹಾಯಿಯ 49ಇಆರ್ ದೋಣಿಯಲ್ಲಿ ಕೊಡವ ಮನೆತನದ ಕೇಲಪಂಡ ಗಣಪತಿ, ವರುಣ್ ಠಕ್ಕರ್ ಜೊತೆ ಕಂಚು ತಂದರು.

ಈಗ ನನ್ನ ವಿಷಯ. ಬ್ಯಾಂಕಿಗೆ ಸೇರಿದ ಹೊಸತರಲ್ಲಿ ಒಬ್ಬ ಸ್ನೇಹಿತನ ದೋಣಿಯಲ್ಲಿ ಸ್ಪಿನ್ನೇಕರ್ ಹಗ್ಗ ಹಿಡಿಯುವುದು ನನ್ನ ಕೆಲಸ. ಮೆಲುಗಾಳಿಗೆ ತೆಳು ಬಟ್ಟೆಯ ದೊಡ್ಡ ಹಾಯಿ, ಜೋರು ಗಾಳಿಗೆ ದಪ್ಪ ಬಟ್ಟೆಯ ಸಣ್ಣದು ಎಂದು ಪಾಠ ಹೇಳಿಸಿಕೊಂಡಿದ್ದೆ. ಒಂದು ಭಾನುವಾರ ಗಾಳಿ ಏರಿತು. "ಇಳಿಸೋಣ" ಅಂದ ಅವನು. "ಇನ್ನೊಂದು ನಿಮಿಷ, ಅವರನ್ನು ಹಿಂದೆ ಹಾಕಿಬಿಡೋಣ" ಅಂದೆ ನಾನು. ಮಗುಚಿತು. ಅವನ ಭುಜ ಕೀಲು ತಪ್ಪಿತು. ಅವನು ಒಂದು ಮಾತೂ ಬೈಯಲಿಲ್ಲ; ನಾನೇ ಮತ್ತೆ ದೋಣಿ ಹತ್ತಲಿಲ್ಲ.

ಯೇವಲಾದಿಂದ ಬಂದ ರಾತ್ರಿ ಅವನಿಗೆ ಫೋನ್ ಮಾಡಿ ಅಜ್ಜನ ಮಾತು ಹೇಳಿದೆ. ನಕ್ಕು, "ನಾನೂ ಅದನ್ನೇ ಹೇಳಿದ್ದೆನಲ್ಲೋ ಮಾರಾಯಾ!" ಅಂದ.